ಕಂಪ್ಯೂಟರಿಗೆ ಕೆಂಡ ಇಡಿಸಿದ್ದು

ಹೊಸನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೊಸ ಕಂಪ್ಯೂಟರಿನ ಮೇಜಿನ ಕೆಳಗೆ ಕೆಂಡದ ಬಾಣಲೆ ಇಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ, ಅಷ್ಟು ಹೊತ್ತು ನನ್ನನ್ನು ಬುದ್ಧಿವಂತನೆಂದು ನಂಬಿಕೊಂಡು ಓದಿದವರು ತಮ್ಮನ್ನೇ ಬೈದುಕೊಳ್ಳಬೇಕಾಗುತ್ತದೆ. ಅದೂ ನನ್ನ ದನಿಯಲ್ಲಿ ಇಡಿಸಿದ್ದಲ್ಲ, ನಮ್ಮ ಇಂಜಿನಿಯರ ದನಿಯಲ್ಲಿ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸಾಗರದಲ್ಲಿ ಟೈಪ್‌ರೈಟರ್, ಕ್ಯಾಲ್ಕುಲೇಟರ್, ಕಾರ್ಬನ್ ಪೇಪರ್ ಮಾರುವ ಅಂಗಡಿಯೊಂದರಲ್ಲಿ ನನಗೆ ಕೆಲಸ. ಯಜಮಾನರು ಬೆಂಗಳೂರಿನಿಂದ ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿ ಮಾರುವುದನ್ನೂ ಆಗಷ್ಟೇ ಶುರುಮಾಡಿದ್ದರು. ಜೋಡಿಸುವವರು ತೀರ್ಥಹಳ್ಳಿಯ ಒಬ್ಬ ಇಂಜಿನಿಯರು. ಬೇಕಾದಾಗ ಬಸ್ಸು ಹತ್ತಿ ಸಾಗರಕ್ಕೆ ಬರುವರು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬೆಸುಗೆ ಹಾಕುವರು, ಸಂಜೆಯ ಬಸ್ಸಿಗೆ ಹೊರಡುವರು. ಬಂದದ್ದೂ ಹೋದದ್ದೂ ಯಾರಿಗೂ ತಿಳಿಯದಷ್ಟು ಮೆತ್ತಗಿನ ಮನುಷ್ಯ.

ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ಕಂಪ್ಯೂಟರ್ ಗೊತ್ತು ಅಂತಲ್ಲ. ಕಂಡವರ ದನಿ ಅಣಕಿಸಿ ಊರೂರಲ್ಲಿ ಜನರನ್ನು ನಗಿಸುವುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಕೆಲಸ ಕೇಳಲು ಹೋದ ದಿನ ಯಜಮಾನರ ದನಿ ತೆಗೆದು, ಅವರೆದುರಿಗೇ, "ಏ, ಆ ರಿಬ್ಬನ್ ಡಬ್ಬಿ ಮುಚ್ಚೋ, ಮಸಿ ಒಣಗುತ್ತೆ" ಎಂದು ಕೂಗಿದೆ. ಒಳಗಿನ ಗೋದಾಮಿನಿಂದ "ಮುಚ್ಚಿದೆ ಯಜಮಾನ್ರೆ" ಎಂದು ಉತ್ತರ ಬಂತು. ಯಜಮಾನರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಗಿರಾಕಿ ಹತ್ರ ಮಾತಾಡೋಕೆ ನೀನು ಆಗ್ತೀಯ" ಎಂದರು. ನನ್ನ ವಿದ್ಯಾರ್ಹತೆ ಅಲ್ಲಿಗೆ ಮುಗಿಯಿತು.

ಗಿರಾಕಿ ಹತ್ತಿರ ಮಾತಾಡುವುದಕ್ಕೆ ಮಾತು ಬೇಕಲ್ಲ, ಅದನ್ನು ಇಂಜಿನಿಯರಿಂದ ಕದ್ದೆ. ಅವರು ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಅಂದ್ರೆ ಏನಪ್ಪಾ ಅಂದ್ರೆ" ಎಂದು ಶುರುಮಾಡುತ್ತಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದರು. ನನಗೆ ಕನ್ನಡಕ ಇರಲಿಲ್ಲ, ಗಾಳಿಯನ್ನೇ ಒರೆಸುತ್ತಿದ್ದೆ. ಅಂಗಡಿಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಂಜಿನಿಯರ ಒಂದು ಅಭ್ಯಾಸವನ್ನು ಮಾತ್ರ ನಾನು ತೆಗೆದುಕೊಳ್ಳಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಅವರು ಒಂದಷ್ಟು ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ. ನೋಡ್ಬೇಕು" ಎನ್ನುತ್ತಿದ್ದರು. ಸುಮ್ಮನಿರುವುದನ್ನು ಅಣಕಿಸಿದರೆ ಯಾರು ನಗುತ್ತಾರೆ? ಆ ಭಾಗ ಬಿಟ್ಟೆ.

ಹಾಗೆ ಕಲಿತ ಪದಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಎಯ್ಟಿ ಎಯ್ಟಿ-ಎಯ್ಟ್ ಪ್ರೊಸೆಸರ್. ಎಂಟು ಸ್ಲಾಟಿನ ಮದರ್‌ಬೋರ್ಡ್. ಆರುನೂರ ನಲವತ್ತು ಕೆ ಮೆಮೊರಿ. ಗಿರಾಕಿಗಳು, "ಪ್ರೊಸೆಸರ್ ಅಂದ್ರೆ ಎಂಥದು?" ಎಂದರೆ, "ಅದೇ ಮೆದುಳು." "ಮದರ್‌ಬೋರ್ಡ್ ಅಂದ್ರೆ?" "ಅದೇ ತಾಯಿ." "ಮೆಮೊರಿ?" "ನೆನಪು." ಮೂರು ಪ್ರಶ್ನೆಗೆ ಜನ ಸುಸ್ತಾಗಿ ಕಾಫಿ ಕುಡಿಯಲು ಹೋಗುತ್ತಿದ್ದರು. ನಾಲ್ಕನೆಯ ಪ್ರಶ್ನೆ ಕೇಳಿದವರು ಒಬ್ಬರೇ, ಹೊಸನಗರದ ಟೀಚರು.

ಹೊಸನಗರದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಶಾಲೆ ಮುಗಿಸಿದ ಹುಡುಗಿಯರು ಅಲ್ಲಿ ಇಂಗ್ಲಿಷ್, ಕನ್ನಡ ಎರಡೂ ಟೈಪಿಂಗ್ ಕಲಿಯುತ್ತಿದ್ದರು. ಆಫೀಸಿನವರು ಟೈಪಿಂಗ್ ಜೊತೆ ಕಂಪ್ಯೂಟರನ್ನೂ ಕೇಳುವ ಕಾಲ ಬರುತ್ತದೆ, ಅಷ್ಟರೊಳಗೆ ನಮ್ಮ ಹುಡುಗಿಯರು ಕಲಿತಿರಬೇಕು ಎಂಬುದು ಅವರ ಲೆಕ್ಕ. ನಮ್ಮ ಅಂಗಡಿಗೆ ಬಂದವರು ನನ್ನ ಮೆದುಳು, ತಾಯಿ, ನೆನಪು ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿ ತಮ್ಮಾ. ಇದೊಂದು ಇಲ್ದೇ ಹೋದ್ರೆ ಎಂತ ನಿಲ್ತದೆ?" ಎಂದು, ಬಿಚ್ಚಿಟ್ಟಿದ್ದ ಮಿಷನ್ನಿನ ಪ್ರೊಸೆಸರಿನ ಮೇಲೆ ಬೆರಳಿಟ್ಟರು.

"ಎಲ್ಲಾ ನಿಲ್ತದೆ" ಎಂದೆ.

"ಇದು ಇಲ್ದಿದ್ರೆ?" ಮೆಮೊರಿಯ ಸಾಲು.

"ಅದೂ ಎಲ್ಲಾ ನಿಲ್ತದೆ."

"ಹಾಗಾದ್ರೆ ಎರಡೂ ಒಂದೇ ಆಯ್ತಲ್ಲ, ಎರಡು ಹೆಸರು ಯಾಕೆ ಇಟ್ರು?"

ನಾನು ಗಂಟಲು ಸರಿಮಾಡಿಕೊಂಡೆ. ಒಳಗಿನಿಂದ ಇಂಜಿನಿಯರು ಬಂದು ನನ್ನನ್ನು ಪಾರುಮಾಡಿದರು. ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಟೈಪಿಂಗಿನಲ್ಲಿ ಒಂದು ಕೀ ಗೊತ್ತು ಎಂದರೆ ಅದಿಲ್ಲದೆ ಯಾವ ಪದ ಹೊಡೆಯಲು ಬರುವುದಿಲ್ಲ ಎಂದು ಗೊತ್ತಿರಬೇಕು, ತಾನು ಕಲಿಸುವುದೇ ಹಾಗೆ ಎಂದು ಟೀಚರು ಹೇಳಿದ್ದು ಕಿವಿಗೆ ಬಿತ್ತು. ಮಳೆಗಾಲಕ್ಕೆ ಮುಂಚೆ ಮಿಷನ್ ಹೊಸನಗರ ಸೇರಿತು. ಕೆಲವು ವಾರ ತಾನೇ ಕಲಿತುಕೊಂಡು, ಆಮೇಲೆ ಮೊದಲ ಬ್ಯಾಚ್ ಶುರುಮಾಡುತ್ತೇನೆ ಎಂದಿದ್ದರು ಟೀಚರು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹೊಸನಗರದಿಂದ ಟ್ರಂಕ್ ಕಾಲ್ ಬಂತು. ಯಜಮಾನರು ಊಟಕ್ಕೆ ಹೋಗಿದ್ದರು, ಇಂಜಿನಿಯರು ತೀರ್ಥಹಳ್ಳಿಯಲ್ಲಿದ್ದರು. ಅಂಗಡಿಯಲ್ಲಿ ನಾನು, ನಗಲು ಸಿದ್ಧರಾಗಿದ್ದ ಇಬ್ಬರು ಹುಡುಗರು.

"ಇಂಜಿನಿಯರ್ ಇದ್ದಾರಾ?"

ಆ ಹುಡುಗರ ಮುಖ ನೋಡಿದೆ. ಎರಡು ಸಲ ಗಂಟಲು ಸರಿಮಾಡಿದೆ. "ಹೇಳಿ ಮೇಡಂ."

"ಸರ್, ಇಲ್ಲಿ ಗೋಡೆಯೆಲ್ಲಾ ಬೆವರ್ತಾ ಇದೆ. ಕಾಗದ ಮುಟ್ಟಿದ್ರೆ ಮೆತ್ತಗೆ. ಮಿಷನ್ನಿಗೆ ತೇವ ತಾಗಿ ಏನಾದ್ರೂ ಆಗ್ತದಾ?"

ನಮ್ಮ ಮನೆಯಲ್ಲಿ ಆಗ ಅಕ್ಕನ ಬಾಣಂತನ. ಅವಳ ಮಂಚದ ಕೆಳಗೆ ಅಮ್ಮ ದಿನಾ ಸಂಜೆ ಒಂದು ಬಾಣಲೆ ಕೆಂಡ ಇಡುತ್ತಿದ್ದರು. ಮಗುವೂ ಬೆಚ್ಚಗೆ, ಅಕ್ಕನೂ ಬೆಚ್ಚಗೆ, ತೊಟ್ಟಿಲ ಬಟ್ಟೆಯೂ ಗರಿಗರಿ. ಒಂದು ಕ್ಷಣವೂ ಯೋಚಿಸದೆ ಆ ಬಾಣಲೆಯನ್ನು ಎತ್ತಿ ಹೊಸನಗರಕ್ಕೆ ಸಾಗಿಸಿದೆ.

"ಅಂದ್ರೆ ಏನಪ್ಪಾ ಅಂದ್ರೆ ಮೇಡಂ, ಎಲೆಕ್ಟ್ರಾನಿಕ್ಸಿಗೆ ಬೆಚ್ಚಗಿರಬೇಕು. ಸಂಜೆ ಕೆಲಸ ಮುಗಿದ್ಮೇಲೆ ಮೇಜಿನ ಕೆಳಗೆ ಒಂದು ಬಾಣಲೆ ಕೆಂಡ ಇಡಿ. ಹೊಗೆ ಬರಬಾರದು, ಇದ್ದಿಲಿನ ಕೆಂಡವೇ ಆಗಬೇಕು. ಕೆಳಗೊಂದು ಇಟ್ಟಿಗೆ ಹಾಕಿ."

"ಎಷ್ಟು ದಿನ ಸರ್?"

"ಮಳೆ ಬಿಡೋ ತನಕ."

ಫೋನ್ ಇಟ್ಟಾಗ ಒಬ್ಬ ಹುಡುಗ ನೆಲದ ಮೇಲೆ ಕೂತಿದ್ದ, ನಗು ತಡೆಯಲಾಗದೆ. ಅವತ್ತಿಡೀ ನಾನು ಸಂಭಾವಿತನ ಹಾಗೆ ಓಡಾಡಿದೆ.

ಕೆಲವು ವಾರ ಕಳೆದ ಮೇಲೆ ಮತ್ತೆ ಫೋನ್. ಈ ಸಲ ಯಜಮಾನರೇ ಎತ್ತಿದರು. ಮಿಷನ್ ಕೆಲಸದ ಮಧ್ಯೆ ಗಕ್ಕನೆ ನಿಲ್ಲುತ್ತದಂತೆ, ಪರದೆಯ ಮೇಲೆ ಪ್ಯಾರಿಟಿ ಎಂದೇನೋ ಬರುತ್ತದಂತೆ. ಇನ್ನು ನಾಲ್ಕೇ ದಿನಕ್ಕೆ ಮೊದಲ ಬ್ಯಾಚು. ಇಂಜಿನಿಯರಿಗೆ ಸುದ್ದಿ ಮುಟ್ಟಿಸಿ ಅವರು ಬರುವಷ್ಟರಲ್ಲಿ ಏನಾದರೂ ಮಾಡಲಿ ಎಂದು ನನ್ನನ್ನು ಕಳಿಸಿದರು. "ಏನೂ ಬರದಿದ್ರೆ ಮಾತಾಡ್ತಾ ಇರು" ಎಂದರು. ಅವರಿಗೆ ನನ್ನ ಬಗ್ಗೆ ತಪ್ಪು ಕಲ್ಪನೆ ಇರಲಿಲ್ಲ.

ಮಹಡಿ ಹತ್ತಿ ಹೋದರೆ ಮೇಜಿನ ಕೆಳಗೆ ಇಟ್ಟಿಗೆ, ಅದರ ಮೇಲೆ ಬಾಣಲೆ, ಬಾಣಲೆಯಲ್ಲಿ ಬೂದಿ. ಹೇಳಿದಂತೆಯೇ ಮಾಡಿದ್ದರು. ನನಗೆ ಅನಿಸಿದ್ದು ಇಷ್ಟೇ: ಪರವಾಗಿಲ್ಲ, ಈ ಟೀಚರು ಹೇಳಿದ ಮಾತು ಕೇಳುವವರು.

ಪೆಟ್ಟಿಗೆ ಬಿಚ್ಚಿದೆ. ಇಂಜಿನಿಯರು ಮಾಡುವುದನ್ನು ನೋಡಿದ್ದೆನಲ್ಲ, ಸ್ಲಾಟಿನಲ್ಲಿ ನಿಲ್ಲಿಸಿದ್ದ ಕಾರ್ಡುಗಳನ್ನು ಕಿತ್ತು ಅವುಗಳ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಅಷ್ಟರಲ್ಲಿ ಪ್ರೊಸೆಸರಿನ ಪಕ್ಕದಲ್ಲಿ ಅಷ್ಟೇ ಉದ್ದದ ಖಾಲಿ ಸಾಕೆಟ್ ಕಣ್ಣಿಗೆ ಬಿತ್ತು. ಕೂರಬೇಕಾದ ಚಿಪ್ಪೇ ಇಲ್ಲ. ಟೀಚರನ್ನು ಕೂಗಿದೆ.

"ಟೀಚರ್, ಇಲ್ಲಿಂದ ಯಾರೋ ಒಂದು ಚಿಪ್ಪು ಎಗರಿಸಿದ್ದಾರೆ."

ಟೀಚರು ಬಗ್ಗಿ ನೋಡಿದರು. "ಅದು ಮೊದಲಿಂದಲೂ ಖಾಲಿಯೇ. ದೊಡ್ಡ ದೊಡ್ಡ ಗಣಿತ ಮಾಡೋಕೆ ಇನ್ನೊಂದು ಪ್ರೊಸೆಸರ್ ಬೇಕಂದ್ರೆ ಅಲ್ಲಿ ಹಾಕ್ಬಹುದಂತೆ, ಮಿಷನ್ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಇಲ್ದಿದ್ರೂ ಎಂತದೂ ನಿಲ್ಲೂದಿಲ್ಲ" ಎಂದು ಸ್ವಲ್ಪ ಬಿಟ್ಟು, "ನಮ್ಮಲ್ಲಿ ಮಾತಾಡೋಕೆ ನಿನ್ನನ್ನ ಕಳಿಸಿದ ಹಾಗೆ" ಎಂದರು. ಹಿಂದಿನ ಟೈಪ್‌ರೈಟರುಗಳ ಸದ್ದು ಒಂದು ಕ್ಷಣ ನಿಂತು, ಕಿಸಕ್ಕೆಂದು, ಮತ್ತೆ ಶುರುವಾಯಿತು.

ಮಾನ ಉಳಿಸಿಕೊಳ್ಳಲು ಇನ್ನೊಂದು ಕೆಲಸ ಮಾಡಿದೆ. ಅವರು ಆಚೆ ಹೋದಾಗ ಮೆಮೊರಿಯ ಸಾಲಿನಿಂದ ಒಂದು ಚಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು ಕೆಳಗೆ ಏನಿದೆ ನೋಡಿದೆ. ಏನೂ ಇರಲಿಲ್ಲ. ವಾಪಸು ಒತ್ತಿದೆ. ಸ್ವಿಚ್ ಹಾಕಿದರೆ, ಇಷ್ಟು ದಿನ ಮಧ್ಯದಲ್ಲಿ ನಿಲ್ಲುತ್ತಿದ್ದ ಮಿಷನ್ ಈಗ ಶುರುವೇ ಆಗಲಿಲ್ಲ. ದಿನಾ ಎದ್ದ ಕೂಡಲೆ ಮಾಡುತ್ತಿದ್ದ ಆ ಒಂದು ಬೀಪ್ ಸದ್ದೂ ಇಲ್ಲ.

ಯಜಮಾನರಿಗೆ ಫೋನ್ ಮಾಡಿದೆ. "ಬಸ್ಸಿಗೆ ಹಾಕ್ಕೊಂಡು ಸಾಗರಕ್ಕೆ ತಾ. ಕ್ಲಾಸು ಮುಂದಕ್ಕೆ ಹಾಕೋಕೆ ಹೇಳು" ಎಂದರು. ಟೀಚರು ಒಪ್ಪಲಿಲ್ಲ.

"ತೀರ್ಥಹಳ್ಳಿ ರಸ್ತೆಯ ಒಬ್ರು ಗೌಡ್ರು ಇದ್ದಾರೆ. ಮಗಳು ಇಲ್ಲಿ ಸೋದರತ್ತೆ ಮನೇಲಿದ್ದು ಟೈಪಿಂಗ್ ಮುಗಿಸಿದ್ಲು. ಕಂಪ್ಯೂಟರ್ ಅಂದ್ರೆ ಸುಮ್ನೆ ಅಂತ ಅವರ ತಲೇಲಿದೆ. ಮೊದಲ ದಿನ ಬಂದು ಕೂತು ನೋಡ್ತೀನಿ, ಪಾಠ ಕಾಣದಿದ್ರೆ ಅದೇ ಬಸ್ಸಲ್ಲಿ ಮಗಳನ್ನ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ಅವಳು ಹೋದ್ರೆ ಉಳಿದೋರ ಮನೆಯೋರಿಗೂ ಅಷ್ಟೇ ಸಾಕು. ಒಂದ್ ಸಲ ಮುಂದೆ ಹಾಕಿದ್ರೆ ಈ ಕ್ಲಾಸು ಇನ್ನು ಇಲ್ಲ ಅಂತ ತಿಳ್ಕೋ."

ನಾನು ಅಲ್ಲೇ ಉಳಿದೆ. ಅವತ್ತಿನಿಂದ ಟೀಚರು ನನ್ನನ್ನು ತಮ್ಮ ಪದ್ಧತಿಗೆ ಹಾಕಿಕೊಂಡರು. ಅವರಲ್ಲಿ ಕೀಲಿಮಣೆಯ ಮೇಲೆ ಬಟ್ಟೆ ಹೊದಿಸಿ, ಅದರ ಕೆಳಗೆ ಕೈ ತೂರಿಸಿ ಟೈಪ್ ಮಾಡಿಸುವುದು ವಾಡಿಕೆ. ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ ಎಂಬುದು ಅವರ ಸಿದ್ಧಾಂತ. ತೆರೆದ ಮದರ್‌ಬೋರ್ಡಿನ ಮೇಲೆ ಒಂದು ವಲ್ಲಿ ಬಟ್ಟೆ ಹಾಸಿ, "ಪ್ರೊಸೆಸರ್ ಎಲ್ಲಿದೆ ತೋರ್ಸು. ಬಯಾಸ್ ಎಲ್ಲಿದೆ?" ಎನ್ನುವರು. ನಾನು ವಲ್ಲಿಯ ಮೇಲೆ ಬೆರಳಿಡಬೇಕು. ತಪ್ಪಿದರೆ ಅವರ ಸ್ಟೀಲಿನ ಸ್ಕೇಲು ಮೇಜಿನ ಮೇಲೆ ಠಕ್ ಎನ್ನುವುದು. ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತಿದ್ದ ಪದಗಳಿಗೆ ಜಾಗ ಇದೆ ಎಂದು ನನಗೆ ಗೊತ್ತಾದದ್ದೇ ಆಗ. ಅಲ್ಲಿ ಟೈಪ್ ಕಲಿಯುತ್ತಿದ್ದ ಹುಡುಗಿಯರು ತಮ್ಮ ಪಾಠ ಬಿಟ್ಟು ನನ್ನದನ್ನು ನೋಡುತ್ತಿದ್ದರು. ಊರೂರಲ್ಲಿ ಜನರನ್ನು ನಗಿಸಿದವನು ನಾನು. ಅಷ್ಟು ನಗು ಇನ್ನೆಲ್ಲೂ ಗಿಟ್ಟಿಸಿರಲಿಲ್ಲ.

ಕ್ಲಾಸಿನ ದಿನ ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಇಂಜಿನಿಯರು ಬಂದರು. ಅದೇ ಬಸ್ಸಿನಲ್ಲಿ ಗೌಡರೂ ಬಂದಿಳಿದು, ಕೊಡೆ ಮಡಚಿ ಬೆಂಚಿನ ಪಕ್ಕ ಆನಿಸಿ, ಎಲೆ ಅಡಿಕೆಯ ಸಂಚಿ ಬಿಚ್ಚಿ ಕೂತರು. ಟೀಚರು ಇಂಜಿನಿಯರನ್ನು ಬಾಗಿಲಲ್ಲೇ ತಡೆದು ನಡೆದದ್ದನ್ನೆಲ್ಲ ಹೇಳಿದರು.

ಇಂಜಿನಿಯರು ಒಂದಷ್ಟು ಹೊತ್ತು ಸುಮ್ಮನಿದ್ದರು. "ಗೊತ್ತಿಲ್ಲ. ನೋಡ್ಬೇಕು."

"ಎಷ್ಟು ಹೊತ್ತು ಬೇಕು ಸರ್?"

"ಅದೂ ಗೊತ್ತಿಲ್ಲ."

ಹುಡುಗಿಯರು ಆಗಲೇ ಬಂದು ನಿಂತಿದ್ದರು. ಗೌಡರು ಕಪ್ಪು ಪರದೆಯ ಕಡೆ ನೋಡಿ, "ಎಂಥದು, ಇನ್ನೂ ಎದ್ದಿಲ್ವಾ ಇದು?" ಎಂದರು. ಟೀಚರು ಒಮ್ಮೆ ಅವರನ್ನು, ಒಮ್ಮೆ ಇಂಜಿನಿಯರನ್ನು ನೋಡಿದರು. ನಾನಾಗಿದ್ದರೆ ಕರೆಂಟಿಲ್ಲ ಎಂದು ಬಿಡುತ್ತಿದ್ದೆ. ಬಾಯಿಗೂ ಬಂದಿತ್ತು.

"ಮಿಷನ್ ಕೆಟ್ಟಿದೆ ಗೌಡ್ರೆ" ಎಂದರು ಟೀಚರು. "ಇವತ್ತಿನ ಪಾಠ ಅದೇ. ಸರ್, ನೀವು ಹುಡುಕೂದನ್ನ ಇವರಿಗೆ ಹೇಳ್ತಾ ಹುಡುಕಿ."

ಇಂಜಿನಿಯರಿಗೆ ಗಾಬರಿಯಾಯಿತು. ನಾಲ್ಕು ಜನರೆದುರು ಮಾತಾಡಿದವರಲ್ಲ. ಆದರೆ ಎಲ್ಲರನ್ನೂ ಮೇಜಿನ ಸುತ್ತ ಕರೆದು, ತಂತಿ ಕಿತ್ತಿಟ್ಟು, "ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟಿ. ಮೈಮೇಲಿನ ಕರೆಂಟು ಚಿಪ್ಪಿಗೆ ಹೋಗಬಾರದು. ಈ ಮಳೇಲಿ ಅಷ್ಟು ಭಯ ಇಲ್ಲ, ಆದ್ರೂ ಮುಟ್ಟಿ" ಎಂದು ಶುರುಮಾಡಿದರು. ಅಂಗಡಿಯಲ್ಲಿ ಅವರ ಮಾತನ್ನು ನೂರು ಸಲ ಕದ್ದವನು, ಅವತ್ತು ಮೊದಲ ಸಲ ಕೇಳಿಸಿಕೊಂಡೆ.

ಈ ದೊಡ್ಡ ಹಲಗೆಯೇ ಮದರ್‌ಬೋರ್ಡ್ ಎಂದರು. ಇದು ತಾನಾಗಿ ಏನೂ ಮಾಡುವುದಿಲ್ಲ. ಉಳಿದವರೆಲ್ಲ ಇದರ ಮೇಲೆ ಕೂತು, ಇದರ ಮೇಲಿನ ಗೆರೆಗಳ ಮೂಲಕ ಮಾತಾಡಿಕೊಳ್ಳುತ್ತಾರೆ. ಪ್ರೊಸೆಸರ್ ಒಬ್ಬ ಟೈಪಿಸ್ಟಿನ ಹಾಗೆ, ಅದಕ್ಕೆ ಗೊತ್ತಿರುವ ಕೆಲಸ ಬಹಳ ಕಡಿಮೆ. ಕೂಡುವುದು, ಹೋಲಿಸುವುದು, ಇಲ್ಲಿಂದ ಎತ್ತಿ ಅಲ್ಲಿಡುವುದು. ಆದರೆ ಎಷ್ಟು ಬೇಗ ಎಂದರೆ ನಮಗೆ ಬುದ್ಧಿವಂತಿಕೆ ಎಂದು ಅನಿಸುತ್ತದೆ. ಟೀಚರು ಸ್ಕೇಲಿನಿಂದ ಮೇಜು ತಟ್ಟುತ್ತಾರಲ್ಲ, ಎಲ್ಲರ ಬೆರಳೂ ಒಂದೇ ಲಯಕ್ಕೆ ಬೀಳಲಿ ಎಂದು, ಹಾಗೆ ತಟ್ಟುವುದು ಇಲ್ಲಿನ ಈ ಸಣ್ಣ ಬೆಳ್ಳಿ ಡಬ್ಬಿ, ಕ್ರಿಸ್ಟಲ್. ಅದರ ತಟ್ಟಿನ ಲೆಕ್ಕವೇ ಮೆಗಾಹರ್ಟ್ಸ್. ಬಯಾಸ್ ಗೋಡೆಗೆ ತೂಗುಹಾಕಿದ ಪಾಠದ ಹಾಗೆ, ಬರೆದದ್ದು ಅಳಿಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ಪ್ರೊಸೆಸರ್ ಅದನ್ನು ಓದಿಕೊಂಡು ಕೆಲಸ ಶುರುಮಾಡುತ್ತದೆ. ಮೆಮೊರಿ ಸ್ಲೇಟಿನ ಹಾಗೆ, ಕರೆಂಟು ಹೋದರೆ ಅಳಿಸಿಹೋಯಿತು.

"ಸರ್, ಒಂದು ಸಾಲಲ್ಲಿ ಒಂಬತ್ತು ಯಾಕೆ?" ಎಂದು ಕೇಳಿದವಳು ಗೌಡರ ಮಗಳು. "ಪುಸ್ತಕದಲ್ಲಿ ಎಂಟೆಂಟರ ಲೆಕ್ಕ ಅಂತ ಇದೆಯಲ್ಲ?"

ಇಂಜಿನಿಯರ ಮುಖ ಅರಳಿತು. "ಎಂಟು ಚಿಪ್ಪು ಕೆಲಸ ಮಾಡೋದು. ಒಂಬತ್ತನೇದು ಬರೀ ಸಾಕ್ಷಿ. ಒಂದೊಂದು ಚಿಪ್ಪಲ್ಲೂ ಒಂದೋ ಸೊನ್ನೆಯೋ ಇರತ್ತೆ. ಬರೀವಾಗ ಎಂಟರಲ್ಲಿ ಎಷ್ಟು 'ಒಂದು' ಇತ್ತು, ಆ ಲೆಕ್ಕ ಸಮವೋ ಬೆಸವೋ, ಅಷ್ಟು ಮಾತ್ರ ಗುರ್ತು ಇಟ್ಕೊಳ್ಳತ್ತೆ. ಓದೋವಾಗ ಗುರ್ತು ತಾಳೆ ಆಗದಿದ್ರೆ ಎಲ್ಲೋ ತಪ್ಪಿದೆ ಅಂತ ಮಿಷನ್ ಅಲ್ಲೇ ನಿಂತುಬಿಡುತ್ತೆ. ಅದೇ ಪ್ಯಾರಿಟಿ."

"ತಪ್ಪು ಯಾವುದು ಅಂತ ಹೇಳ್ತದಾ?" ಎಂದರು ಗೌಡರು ಬೆಂಚಿನಿಂದ.

"ಇಲ್ಲ. ತಪ್ಪಿದ್ರೆ ಮುಂದೆ ಹೋಗಲ್ಲ, ಅಷ್ಟೇ."

"ಅಷ್ಟು ಮಾಡಿದ್ರೂ ದೊಡ್ಡದೇ ಮಾರಾಯ್ರೆ" ಎಂದು ಗೌಡರು ಎಲೆಗೆ ಸುಣ್ಣ ಹಚ್ಚಿದರು. ನಾನು ಅತ್ತ ನೋಡಲಿಲ್ಲ.

ಇಂಜಿನಿಯರು ಒಂದೊಂದೇ ಕಾರ್ಡು ತೆಗೆದು ನೋಡಿದರು, ಮೀಟರು ಹಿಡಿದು ಪವರ್ ಸಪ್ಲೈ ನೋಡಿದರು, ಎಲ್ಲಾ ಸರಿಯಿತ್ತು. ಬೆಳಗಿನ ಹೊತ್ತು ಮುಗಿಯುತ್ತಾ ಬಂತು. ಅವರು ಕನ್ನಡಕ ಒರೆಸುತ್ತಾ ಕೂತಾಗ ಟೀಚರು ಸುಮ್ಮನಿರದೆ, ಬೋರ್ಡಿನ ಮೇಲೆ ವಲ್ಲಿ ಹಾಸಿ, "ಇಷ್ಟು ಹೊತ್ತು ಕೇಳಿದ್ದು ಬೆರಳಿಗೆ ಬಂದಿದ್ಯಾ ನೋಡ್ವ" ಎಂದು ಒಬ್ಬೊಬ್ಬರನ್ನೇ ಕರೆದರು. ಕಬ್ಬಿಣ ಮುಟ್ಟಿ, ವಲ್ಲಿಯ ಮೇಲೆ ಬೆರಳಾಡಿಸಿ, ಹೆಸರು ಹೇಳಬೇಕು. ಗೌಡರ ಮಗಳ ಸರದಿ ಬಂತು. ಪ್ರೊಸೆಸರ್ ಎಂದಳು, ಖಾಲಿ ಸಾಕೆಟ್ ಎಂದಳು, ಬಯಾಸ್ ಎಂದಳು. ಮೆಮೊರಿಯ ಸಾಲಿನ ಮೇಲೆ ಬೆರಳು ಹೋದದ್ದು ಹಿಂದೆ ಬಂತು. ಮತ್ತೆ ಹೋಯಿತು.

"ಟೀಚರ್, ಇದು ಸಮ ಇಲ್ಲ."

"ಯಾವುದು?"

"ಈ ಸಾಲು. ಇಲ್ಲಿ ಎತ್ತರ, ಇಲ್ಲಿ ತಗ್ಗು. ಟೈಪ್‌ರೈಟರಲ್ಲಿ ಒಂದು ಕೀ ಎದ್ದಿದ್ರೆ ಆಗ್ತದಲ್ಲ, ಹಾಗೆ."

ಇಂಜಿನಿಯರು ಥಟ್ಟನೆ ಎದ್ದರು. ವಲ್ಲಿ ತೆಗೆದು ನೋಡಿದರೆ ಕಣ್ಣಿಗೆ ಎಲ್ಲಾ ಸಮವಾಗಿಯೇ ಇತ್ತು. ಟೀಚರ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಸಾಲಿನ ಮೇಲಿಟ್ಟರು. ಸ್ಕೇಲಿನ ಅಡಿಯಲ್ಲಿ ಅಲ್ಲಲ್ಲಿ ಬೆಳಕು ಕಂಡಿತು. ಕೆಲವು ಚಿಪ್ಪು ಸಾಕೆಟಿನಿಂದ ಕೂದಲೆಳೆಯಷ್ಟು ಮೇಲೆ ಬಂದಿದ್ದವು.

"ಚಿಪ್ಪು ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ, ಸಾಕೆಟಿಂದ ಮೇಲೆ ತೆವಳತ್ತೆ ಅಂತ ಕೇಳಿದ್ದೆ. ನೋಡಿದ್ದು ಇದೇ ಮೊದಲು" ಎಂದರು ಇಂಜಿನಿಯರು. ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿದರು. ಪ್ರತಿಯೊಂದೂ ಕರಕ್ ಎಂದು ಹಪ್ಪಳ ಮುರಿದ ಸದ್ದು ಮಾಡಿ ಕೂತಿತು. "ಆದ್ರೆ ವರ್ಷಗಟ್ಟಲೆ ಬೇಕು ಹೀಗಾಗೋಕೆ. ಇಷ್ಟು ಬೇಗ ಯಾಕಾಯ್ತು? ಹತ್ರ ಬಿಸಿ ಏನಾದ್ರೂ ಇಟ್ಟಿದ್ರಾ?"

ಟೀಚರು ಮೇಜಿನ ಕೆಳಗೆ ಕೈ ತೋರಿಸಿದರು. "ಸಂಜೆ ಕೆಂಡ ಇಡೋಕೆ ಹೇಳಿದ್ರು. ಫೋನಲ್ಲಿ. ತೇವ ಆಗಬಾರ್ದು ಅಂತ."

"ಯಾರು?"

"ಇಂಜಿನಿಯರ್ ಅಂತ್ಲೇ ಮಾತಾಡಿದ್ದು."

ಇಂಜಿನಿಯರು ಬಾಣಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಂಗಡಿಯ ಹಿಂದಿನ ಕೋಣೆಗೆ ನನ್ನ ಅಣಕ ಕೇಳಿಸುವುದಿಲ್ಲ ಎಂದು ನಾನು ಯಾಕೆ ತಿಳಿದಿದ್ದೆನೋ. ನನ್ನ ನಾಲಿಗೆ ಆಗ ಯಾರ ದನಿಯಲ್ಲೂ ಏಳಲಿಲ್ಲ. ಒಂದು ಮಾತು ಅವರು ಆಡಿದ್ದರೆ ನನ್ನ ಕೆಲಸ ಅವತ್ತೇ ಮುಗಿಯುತ್ತಿತ್ತು. ಗೌಡರೆದುರು ಅಂಗಡಿಯ ಮಾನ ಹೇಗೂ ಹೋಗಿರುತ್ತಿತ್ತು.

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಹೌದಾ. ಹಾಗೆ ಹೇಳಿದ್ರೆ ಅದು ತಪ್ಪು. ನಮ್ಮಿಂದಾದ ತಪ್ಪು. ಇನ್ನು ಇಡಬೇಡಿ" ಎಂದು ಹೇಳಿ ಉಳಿದ ಚಿಪ್ಪುಗಳನ್ನು ಒತ್ತತೊಡಗಿದರು.

ಎಲ್ಲಾ ಕೂರಿಸಿ ಸ್ವಿಚ್ ಹಾಕಿದರು. ಫ್ಯಾನು ತಿರುಗಿತು. ಬೀಪ್ ಇಲ್ಲ. ಪರದೆ ಕಪ್ಪು.

ಗೌಡರು ಕೊಡೆಯ ಕಡೆ ಕೈ ಚಾಚಿ, "ಹಾಂ, ಹನ್ನೆರಡರ ಬಸ್ಸು ಸಿಗ್ತದೆ" ಎಂದು ಯಾರಿಗೋ ಎಂಬಂತೆ ಹೇಳಿದರು. ಮಗಳು ತಲೆ ಎತ್ತಲಿಲ್ಲ, ಬೆರಳುಗಳು ಮಾತ್ರ ಮೇಜಿನಂಚಿನಲ್ಲಿ ಸದ್ದಿಲ್ಲದೆ ಟೈಪ್ ಮಾಡುತ್ತಿದ್ದವು. ಇಂಜಿನಿಯರು ಮತ್ತೆ ಸುಮ್ಮನೆ ಕೂತರು. ಆ ಮೌನವನ್ನು ಅಣಕಿಸಿದರೆ ಯಾರೂ ನಗುವುದಿಲ್ಲ ಎಂದು ಬಿಟ್ಟಿದ್ದೆ, ಅದರ ಒಳಗೆ ಕೂತಾಗ ಅದೆಷ್ಟು ಕಷ್ಟದ ಕೆಲಸ ಎಂದು ಗೊತ್ತಾಯಿತು.

"ಸರ್" ಎಂದೆ. ದನಿ ನನ್ನದೇ, ಕೀರಲು. "ಮೊದಲು ಮಧ್ಯದಲ್ಲಿ ನಿಲ್ತಿತ್ತು, ಏಳ್ತಿತ್ತು. ಏಳೋದು ನಿಂತದ್ದು ನಾನು ಒಂದು ಚಿಪ್ಪು ಕಿತ್ತು ಹಾಕಿದ್ಮೇಲೆ."

"ಯಾವುದು?"

ವಲ್ಲಿ ಹಾಸಿದ್ದರೂ ತೋರಿಸುತ್ತಿದ್ದೆ. ಮೊದಲ ಸಾಲು, ಕೊನೆಯಿಂದ ಎರಡನೆಯದು. ಇಂಜಿನಿಯರು ಸ್ವಿಚ್ ಆರಿಸಿ ಅದನ್ನು ಮೆಲ್ಲಗೆ ಎತ್ತಿ ತಿರುಗಿಸಿದರು. ಒಂದು ಕಾಲು ಸಾಕೆಟಿಗೆ ಇಳಿಯದೆ, ಹೊಟ್ಟೆಯ ಕೆಳಗೆ ಮಡಚಿಕೊಂಡಿತ್ತು.

"ಮೊದಲ ಸಾಲೇ ಸರಿ ಇಲ್ದಿದ್ರೆ ಪ್ರೊಸೆಸರಿಗೆ ಕೂತು ಬರೆಯೋಕೆ ಜಾಗವೇ ಇಲ್ಲ. ಬೀಪ್ ಹೊಡೆಯೋ ಹೊತ್ತಿಗೂ ಬರಲ್ಲ" ಎಂದರು. ಕಾಲು ಬಿಡಿಸಲು ಹೋದವರು ಅರ್ಧದಲ್ಲಿ ಕೈ ತಡೆದರು. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಬೇರೆ ಚಿಪ್ಪಿಗೆ ಬೆಂಗಳೂರೇ ಗತಿ. "ಟೀಚರ್, ಟೈಪ್‌ರೈಟರಿನ ಅಕ್ಷರದ ಕಡ್ಡಿ ಸೊಟ್ಟಗಾದ್ರೆ ನೇರ ಮಾಡ್ತೀರಲ್ಲ, ಆ ಸಣ್ಣ ಇಕ್ಕಳ ಇದ್ಯಾ? ನೀವೇ ಮಾಡಿ. ನನಗಿಂತ ನಿಮ್ಮ ಕೈ ನಿಧಾನ."

ಟೀಚರು ಕಿಟಕಿಯ ಬೆಳಕಿಗೆ ಹೋಗಿ ನಿಂತು, ಇಕ್ಕಳದ ತುದಿಯಲ್ಲಿ ಆ ಕಾಲನ್ನು ಹಿಡಿದರು. ಒಂದೇ ಎಳೆತಕ್ಕೆ ನೇರ ಮಾಡಲಿಲ್ಲ. ಚೂರು ತಿರುಗಿಸಿದರು, ನೋಡಿದರು, ಇನ್ನೊಂದು ಚೂರು. ಇಂಜಿನಿಯರು ಅದನ್ನು ಕೂರಿಸಿದರು. ಕರಕ್.

ಸ್ವಿಚ್.

ಬೀಪ್ ಎಂದಿತು. ಪರದೆಯ ಮೂಲೆಯಲ್ಲಿ ಅಂಕಿಗಳು ಏರತೊಡಗಿದವು.

ಗೌಡರು ಎದ್ದು ಬಂದು ಬಗ್ಗಿದರು. "ಎಂಥ ಎಣಿಸ್ತಾ ಇದೆ ಅದು?"

"ಮೆಮೊರಿ ಅಪ್ಪಯ್ಯ. ಎಲ್ಲಾ ಚಿಪ್ಪೂ ಸರಿ ಇದ್ಯಾ ಅಂತ ನೋಡ್ಕೊಳ್ತದೆ" ಎಂದಳು ಮಗಳು.

"ದಿನಾ ನೋಡ್ಕೊಳ್ತದಾ?"

"ಹೂಂ, ಎದ್ದ ತಕ್ಷಣ."

"ನಿನ್ನಜ್ಜ ಎದ್ದ ತಕ್ಷಣ ಕೊಟ್ಟಿಗೆಗೆ ಹೋಗಿ ದನ ಎಣಿಸ್ತಿದ್ದ ಹಾಗೆ ಆಯ್ತು" ಎಂದರು ಗೌಡರು. ಅಂಕಿ ಆರುನೂರ ನಲವತ್ತಕ್ಕೆ ನಿಲ್ಲುವ ತನಕ ನಿಂತು ನೋಡಿ, ಕೊಡೆ ತೆಗೆದುಕೊಂಡರು. "ಸರಿ. ಅತ್ತೆಗೆ ಹೇಳು, ಮುಂದಿನ ತಿಂಗಳು ಅಕ್ಕಿ ಕಳಿಸ್ತೀನಿ ಅಂತ." ಹನ್ನೆರಡರ ಬಸ್ಸಿಗೆ ಒಬ್ಬರೇ ಹೋದರು.

ಸಂಜೆಯ ತನಕ ಮಿಷನ್ ನಿಲ್ಲದೆ ಓಡಿತು. ಹುಡುಗಿಯರು ಒಬ್ಬೊಬ್ಬರಾಗಿ ಕೂತು ತಮ್ಮ ಹೆಸರು ಹೊಡೆದು, ಅದು ಪರದೆಯ ಮೇಲೆ ಮೂಡುವುದನ್ನು ನೋಡಿ, ಎದ್ದರು. ಇಂಜಿನಿಯರು ತೀರ್ಥಹಳ್ಳಿಗೆ ಹೊರಟಾಗ ಅವರ ಚೀಲ ಹಿಡಿದು ಬಸ್ಸಿನ ತನಕ ಹೋದೆ. ಏನೋ ಹೇಳಲು ಬಾಯಿ ತೆರೆದೆ. ಅವರು ಎರಡು ಸಲ ಗಂಟಲು ಸರಿಮಾಡಿ, "ಅಂದ್ರೆ ಏನಪ್ಪಾ ಅಂದ್ರೆ, ಚಿಪ್ಪು ಕೀಳೋಕೆ ಸ್ಕ್ರೂಡ್ರೈವರ್ ಹಾಕಬಾರ್ದು. ಬಾ, ಕೋಣೆಗೆ. ತೋರಿಸ್ತೀನಿ" ಎಂದು ಬಸ್ಸು ಹತ್ತಿದರು. ಅಂಗಡಿಯ ಮುಂದಿನ ಕಟ್ಟೆಯಿಂದ ಹಿಂದಿನ ಕೋಣೆಗೆ ನಾನು ದಾಟಿದ್ದು ಹಾಗೆ.

ಸಾಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಹಡಿಗೆ ವಾಪಸು ಹೋಗಿ, ಮೇಜಿನ ಕೆಳಗಿನ ಬಾಣಲೆ ಎಳೆದು ಬೂದಿ ಚೆಲ್ಲಿ, ಇಟ್ಟಿಗೆಯನ್ನು ಮೂಲೆಗಿಟ್ಟೆ. ಟೀಚರು ಟೈಪ್‌ರೈಟರುಗಳಿಗೆ ಮುಸುಕು ಹಾಕುತ್ತಿದ್ದರು.

"ಟೀಚರ್, ಅವತ್ತು ಫೋನಲ್ಲಿ ಕೆಂಡ ಇಡಿ ಅಂದಿದ್ದು ಇಂಜಿನಿಯರಲ್ಲ. ನಾನು."

ಅವರ ಕೈ ನಿಲ್ಲಲಿಲ್ಲ. "ಅದು ಬೆಳಿಗ್ಗೆನೇ ಗೊತ್ತಾಯ್ತು."

ಅಷ್ಟು ಹೊತ್ತು ತಪ್ಪಿನ ಭಾರಕ್ಕೆ ಬಗ್ಗಿದ್ದವನಿಗೆ ಥಟ್ಟನೆ ಕಲಾವಿದನ ಮಾನ ನೆನಪಾಯಿತು.

"ಯಾಕೆ ಟೀಚರ್, ದನಿ ಸರಿ ಬಂದಿರ್ಲಿಲ್ವಾ?"

ಟೀಚರು ಕೊನೆಯ ಮುಸುಕನ್ನು ಎಳೆದು ಸರಿಮಾಡಿದರು.

"ದನಿ ಅವರದ್ದೇ ತಮ್ಮಾ, ಒಂದು ಚೂರು ವ್ಯತ್ಯಾಸ ಇರ್ಲಿಲ್ಲ. ಆದ್ರೆ ಇವತ್ತು ಬಾಗಿಲಿಗೆ ಬಂದ ಇಂಜಿನಿಯರು ಕೇಳಿದ್ದಕ್ಕೆಲ್ಲ 'ಗೊತ್ತಿಲ್ಲ' ಅಂದ್ರು, ಫೋನಲ್ಲಿದ್ದೋರಿಗೆ ಎಲ್ಲಾ ಗೊತ್ತಿತ್ತು."